ಅಪ್ಪನ ತೋಟದಲ್ಲಿ ಮರಗಳು ಡಬಲ್ ಆದಾಗ

"ಪುಟ್ಟಾ, ತೋಟದಲ್ಲಿ ಒಂದೊಂದು ತೆಂಗಿನಮರಾನೂ ಎರಡೆರಡು ಕಾಣ್ತಿದೆ ಕಣೆ. ಕಾಯಿ ಮಾತ್ರ ಡಬಲ್ ಆಗಿಲ್ಲ!"

ಹೋದ ವರ್ಷ ಜುಲೈನಲ್ಲಿ ತಿಪಟೂರಿನಿಂದ ಅಪ್ಪ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ ಮೀಟಿಂಗಿಗೆ ಓಡುತ್ತಿದ್ದೆ. ನಕ್ಕುಬಿಟ್ಟೆ. "ಪೇಪರ್ ಓದೋಕಾಗುತ್ತಾ ಅಪ್ಪಾ?" ಅಂತ ಕೇಳಿದೆ. "ಅದೇನೋ ಚೆನ್ನಾಗೇ ಕಾಣುತ್ತೆ" ಅಂದರು. "ಹಾಗಾದ್ರೆ ಕನ್ನಡಕದ ಪವರ್ ಬದಲಾಗಿರುತ್ತೆ. ಶನಿವಾರ ಬರ್ತೀನಿ, ತೋರಿಸೋಣ" ಅಂತ ಫೋನಿಟ್ಟೆ. ಆಫೀಸಿನಲ್ಲಿ ಟಿಕೆಟ್ ಕ್ಲೋಸ್ ಮಾಡ್ತೀವಲ್ಲ, ಹಾಗೆ. ಅವತ್ತು ಮಂಗಳವಾರ.

ಶನಿವಾರ ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ಹೇಳಿದ್ದು: "ಎಡಗಣ್ಣು ಮುಚ್ಕೊಂಡು ಸ್ಕೂಟರ್ ಓಡಿಸ್ತಿದ್ದಾರೆ ಕಣೆ, ನಾಲ್ಕು ದಿನದಿಂದ." ನನ್ನ ನಗು ಅಲ್ಲಿಗೆ ನಿಂತಿತು.

ಕಣ್ಣಿನ ಡಾಕ್ಟರ್ ಮೊದಲು ಮಾಡಿದ್ದು ತೀರಾ ಸರಳ ಪರೀಕ್ಷೆ. ಅಪ್ಪನ ಎಡಗಣ್ಣು ಮುಚ್ಚಿಸಿ ಬಾಗಿಲ ಹತ್ತಿರದ ಬಲ್ಬ್ ತೋರಿಸಿದರು. ಒಂದೇ. ಬಲಗಣ್ಣು ಮುಚ್ಚಿಸಿದರು. ಆಗಲೂ ಒಂದೇ. ಎರಡೂ ಕಣ್ಣು ತೆರೆದರೆ ಮಾತ್ರ ಬಲ್ಬ್ ಎರಡು. ಆಮೇಲೆ ಬೆರಳನ್ನು ಎಡಕ್ಕೆ ಸರಿಸುತ್ತಾ "ತಲೆ ಅಲ್ಲಾಡಿಸದೆ ನೋಡಿ" ಅಂದರು. ಬಲಗಣ್ಣು ಬೆರಳಿನ ಹಿಂದೆಯೇ ಹೋಯಿತು. ಎಡಗಣ್ಣು ಮಧ್ಯದಲ್ಲೇ ನಿಂತುಬಿಟ್ಟಿತು.

"ಇದು ಪವರ್ ಸಮಸ್ಯೆ ಅಲ್ಲಮ್ಮಾ. ಕಣ್ಣು ತಿರುಗಿಸೋ ಸ್ನಾಯುವಿಗೆ ಆರ್ಡರ್ ಹೋಗ್ತಿಲ್ಲ" ಅಂದರು ಡಾಕ್ಟರ್.

ಅವತ್ತು ಗೊತ್ತಾಗಿದ್ದು: ಕಣ್ಣುಗುಡ್ಡೆಯನ್ನು ತಿರುಗಿಸಲು ಒಂದೊಂದು ಕಣ್ಣಿಗೂ 6 ಸ್ನಾಯುಗಳಿವೆ. ನಾಲ್ಕು ನೇರ ಸ್ನಾಯುಗಳು ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ ಎಳೆಯುತ್ತವೆ. ಇನ್ನೆರಡು ಓರೆ ಸ್ನಾಯುಗಳು. ಅದರಲ್ಲಿ ಮೇಲಿನದು, ಬಾವಿ ಹಗ್ಗ ರಾಟೆಯ ಮೇಲೆ ಹಾದುಹೋದ ಹಾಗೆ, ಮೂಗಿನ ಪಕ್ಕದ ಪುಟ್ಟ ರಾಟೆಯೊಂದರ ಮೂಲಕ ತಿರುಗಿ ಬಂದು ಕಣ್ಣಿಗೆ ಅಂಟಿಕೊಂಡಿದೆ. ತಲೆ ವಾಲಿಸಿದಾಗ ನೋಟ ವಾಲದ ಹಾಗೆ ಕಣ್ಣನ್ನು ಸ್ವಲ್ಪ ಉರುಳಿಸುವ ಕೆಲಸದಲ್ಲಿ ಇವುಗಳ ಪಾಲಿದೆ.

ಆದರೆ ಯಾವ ಕಣ್ಣೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಎಡಕ್ಕೆ ನೋಡಬೇಕು ಅಂದರೆ ಎಡಗಣ್ಣಿನ ಕಿವಿ ಕಡೆಯ ಸ್ನಾಯು, ಬಲಗಣ್ಣಿನ ಮೂಗಿನ ಕಡೆಯ ಸ್ನಾಯು ಎರಡೂ ಒಟ್ಟಿಗೆ ಎಳೆಯಬೇಕು. ವೈದ್ಯಶಾಸ್ತ್ರದಲ್ಲಿ ಇವುಗಳಿಗೆ ನೊಗದ ಸ್ನಾಯುಗಳು ಅಂತಲೇ ಹೆಸರು. ಇದನ್ನು ಕೇಳಿ ಅಪ್ಪ ತಕ್ಷಣ, "ಅಂದ್ರೆ ಒಂದೆತ್ತು ಮಲಗಿಬಿಟ್ಟಿದೆ" ಅಂದರು. ಅದಕ್ಕಿಂತ ಚೆನ್ನಾಗಿ ನನಗಂತೂ ವಿವರಿಸಲು ಬರುವುದಿಲ್ಲ.

ಪೇಪರ್ ಸರಿಯಾಗಿ ಕಂಡಿದ್ದೇಕೆ? ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವೆ. ಕಿವಿ ಕಡೆಯ ಸ್ನಾಯುವಿಗೆ ಆಗ ಹೆಚ್ಚು ಕೆಲಸ ಇರುವುದಿಲ್ಲ. ದೂರ ನೋಡಿದಾಗ, ಅದರಲ್ಲೂ ಎಡಕ್ಕೆ ತಿರುಗಿದಾಗ, ಬಿಂಬ ಎರಡಾಗುತ್ತದೆ. ನಾನು ಸಮಾಧಾನ ಮಾಡಿಕೊಂಡಿದ್ದು ಯಾವ ಉತ್ತರದಿಂದಲೋ, ಅದೇ ಕಾಯಿಲೆಯ ಗುರುತಾಗಿತ್ತು.

ಈ ಸ್ನಾಯುವಿಗೆ ಆರ್ಡರ್ ತರುವುದು ಮಿದುಳಿನಿಂದ ಹೊರಡುವ ಆರನೇ ನರ. ತಲೆಬುರುಡೆಯ ತಳದಲ್ಲಿ ಉದ್ದಕ್ಕೆ ಸಾಗಿ ಕಣ್ಣಿನ ಗೂಡಿಗೆ ಬರುವ ದಾರಿ ಅದರದ್ದು. ತಲೆಯೊಳಗೆ ಒತ್ತಡ ಹೆಚ್ಚಾದರೂ, ಗಡ್ಡೆ ಇದ್ದರೂ ಅದಕ್ಕೆ ಪೆಟ್ಟು. ಹಾಗಾಗಿ ಎಂಆರ್‌ಐ ಬರೆದರು. ರಿಪೋರ್ಟ್ ಬರುವ ತನಕ ನಾನು ಆ ಮಂಗಳವಾರದ ಫೋನ್ ಕಾಲನ್ನು ಎಷ್ಟು ಸಲ ನೆನೆದುಕೊಂಡೆನೋ.

ಎಂಆರ್‌ಐ ಸರಿಯಾಗಿತ್ತು. ಸರಿ ಇಲ್ಲದ್ದು ಶುಗರ್: ಮೂರು ತಿಂಗಳ ಸರಾಸರಿ 9.6. ಬಿಪಿಯೂ ಜಾಸ್ತಿ. ನರಕ್ಕೆ ರಕ್ತ ಕೊಡುವ ಸಣ್ಣ ನಾಳಗಳಿಗೆ ಆದ ಪೆಟ್ಟು ಇದು ಅಂದರು. ಇಂಥದ್ದು ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ತಾನೇ ಸರಿಹೋಗುತ್ತದಂತೆ. ಅಲ್ಲಿಯವರೆಗೆ ಶುಗರ್, ಬಿಪಿ ಹತೋಟಿಯಲ್ಲಿಡಬೇಕು, ಕನ್ನಡಕದ ಎಡಗಾಜಿಗೆ ಟೇಪ್ ಅಂಟಿಸಬೇಕು, ಸ್ಕೂಟರ್ ಮುಟ್ಟಬಾರದು. ಮೂರನೆಯದಕ್ಕೆ ಅಪ್ಪ ಒಪ್ಪಲಿಲ್ಲ. ಅಮ್ಮ ಕೀ ಬಚ್ಚಿಟ್ಟರು.

ನಮ್ಮ ವಯಸ್ಸಿನವರ ಅಪ್ಪ ಅಮ್ಮ ಊರಲ್ಲಿ, ನಾವು ಫೋನಿನಲ್ಲಿ. ಹಾಗಾಗಿ ಇಷ್ಟು ನೆನಪಿಡಿ. ಇದ್ದಕ್ಕಿದ್ದಂತೆ ಎರಡೆರಡು ಕಾಣುತ್ತೆ ಅಂದರೆ, ಒಂದು ಕಣ್ಣು ಮುಚ್ಚಿ ನೋಡೋಕೆ ಹೇಳಿ. ಯಾವ ಕಣ್ಣು ಮುಚ್ಚಿದರೂ ಒಂದೇ ಆಗುತ್ತಾ? ಹಾಗಾದರೆ ಕಣ್ಣುಗಳ ಹೊಂದಾಣಿಕೆ ತಪ್ಪಿದೆ. ಅವತ್ತೇ ಡಾಕ್ಟರಿಗೆ ತೋರಿಸಿ, ಭಾನುವಾರದ ತನಕ ಕಾಯಬೇಡಿ. ಜೊತೆಗೆ ರೆಪ್ಪೆ ಜೋತುಬಿದ್ದಿದ್ದರೆ, ಒಂದು ಪಾಪೆ ದೊಡ್ಡದಾಗಿದ್ದರೆ, ಜೋರು ತಲೆನೋವಿದ್ದರೆ, ಮಾತು ತೊದಲುತ್ತಿದ್ದರೆ ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಲು ಹೇಳಿ.

ಅಕ್ಟೋಬರ್ ಕೊನೆಗೆ ಅಪ್ಪನ ಫೋನ್ ಬಂತು. ಮೀಟಿಂಗ್ ಮಧ್ಯದಲ್ಲೇ ಎದ್ದು ಹೊರಗೆ ಬಂದೆ.

"ಟೇಪ್ ಕಿತ್ತುಹಾಕಿದೆ ಕಣೆ."

"ಮರ ಎಷ್ಟು ಕಾಣ್ತಿದೆ ಅಪ್ಪಾ?"

"ಒಂದಕ್ಕೆ ಒಂದೇ. ತೋಟ ಅರ್ಧ ಆಗೋಯ್ತು ನೋಡು!"