ಹಳೇ ಗಾಡಿ ಸಾರ್, ಹಂಗೇ ಇರ್ತದೆ!

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಮಾವನ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಅಂಬಾಸಿಡರನ್ನು ಕೊನೆಗೂ ಮನೆಗೆ ತಂದನಂತೆ. ಹೊಸ ಪೇಂಟು, ಸೀಟಿಗೆ ಹೊಸ ಬಟ್ಟೆ, ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟು. ಎಲ್ಲಾ ಹೇಳಿ ಮುಗಿಸಿ, "ಬ್ರೇಕ್ ಮಾತ್ರ ಒಂಚೂರು... ಎರಡು ಸಲ ತುಳಿದ್ರೆ ಹಿಡಿಯುತ್ತೆ ಮಾರಾಯ. ಹಳೇ ಗಾಡಿ ಅಲ್ವಾ" ಅಂತ ನಕ್ಕ.

ನನಗೆ ನಗು ಬರಲಿಲ್ಲ.

ಈ "ಹಳೇ ಗಾಡಿ ಅಲ್ವಾ" ಅನ್ನೋ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. ನಮ್ಮ ಮನೆಯಲ್ಲೂ ಒಂದು ಅಂಬಾಸಿಡರ್ ಇತ್ತು, 1977ರ ಮಾರ್ಕ್ 3. ಅದರ ಬ್ರೇಕು ಯಾವತ್ತೂ ಪೂರ್ತಿ ಕೆಟ್ಟಿರಲಿಲ್ಲ, ಪೂರ್ತಿ ಸರಿಯೂ ಇರಲಿಲ್ಲ. ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಗಾಡಿ ಬಲಕ್ಕೆ ಎಳೆಯುತ್ತಿತ್ತು. ನಿಲ್ಲಿಸಿ ಇಳಿದರೆ ಮುಂದಿನ ಬಲಗಡೆ ಚಕ್ರದಿಂದ ಸುಟ್ಟ ವಾಸನೆ. ಗ್ಯಾರೇಜಿಗೆ ಒಯ್ದರೆ ಮೊದಲು ಬ್ರೇಕ್ ಶೂ ಹೊಸದಾಯಿತು. ಆಮೇಲೆ ವೀಲ್ ಸಿಲಿಂಡರ್. ಅದಾದ ಮೇಲೆ ಮಾಸ್ಟರ್ ಸಿಲಿಂಡರ್. ಪ್ರತಿ ಸಲವೂ ಎರಡು ದಿನ ಸರಿ ಇದ್ದಂತೆ ಕಾಣುತ್ತಿತ್ತು, ಮೂರನೇ ದಿನ ಮತ್ತದೇ. ಕೊನೆಗೆ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, "ಹಳೇ ಗಾಡಿ ಸಾರ್, ಹಂಗೇ ಇರ್ತದೆ" ಅಂದ. ಅಪ್ಪ ತಲೆಯಾಡಿಸಿದರು. ನಾವೆಲ್ಲರೂ ಒಪ್ಪಿಕೊಂಡೆವು.

1998ರಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದೆವು, ಉಡುಪಿಯಲ್ಲಿ ಒಂದು ಮದುವೆಗೆ. ಅಪ್ಪ ಗಾಡಿ ಓಡಿಸುತ್ತಿದ್ದರು, ಅಮ್ಮ ಪಕ್ಕದಲ್ಲಿ, ನಾನು ಮತ್ತು ತಂಗಿ ಹಿಂದೆ. ಅರ್ಧ ತಿರುವು ಮುಗಿದಿರಬೇಕು, ವಾಸನೆ ಶುರುವಾಯಿತು. ಮುಂದಿನ ತಿರುವಿನಲ್ಲಿ ಅಪ್ಪ ಬ್ರೇಕ್ ತುಳಿದರು, ಪೆಡಲ್ ನೆಲಕ್ಕೆ ಹೋಯಿತು. ಮತ್ತೆ ತುಳಿದರು, ಮತ್ತೆ ನೆಲಕ್ಕೆ. ಅದೃಷ್ಟಕ್ಕೆ ಗಾಡಿ ಎರಡನೇ ಗೇರಿನಲ್ಲಿತ್ತು. ಅಪ್ಪ ಹ್ಯಾಂಡ್ ಬ್ರೇಕ್ ಎಳೆದು ಗಾಡಿಯನ್ನು ಗುಡ್ಡದ ಕಡೆಯ ಚರಂಡಿಗೆ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಒಂದು ಮಾತೂ ಆಡದೆ ಇಳಿದು, ತಂಗಿಯ ಕೈ ಹಿಡಿದುಕೊಂಡು, ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದರು.

ಇದರಲ್ಲಿ ತಮಾಷೆ ಏನು ಗೊತ್ತಾ? ಒಂದು ಗಂಟೆ ಬಿಟ್ಟು ತುಳಿದು ನೋಡಿದರೆ ಬ್ರೇಕ್ ಸರಿಯಾಗಿಯೇ ಇತ್ತು! ದಾರಿಹೋಕರು ಗಾಡಿ ಎತ್ತಿ ಕೊಟ್ಟರು. ಆಮೆಯ ಹಾಗೆ ಇಳಿದು ಹೆಬ್ರಿಯಲ್ಲಿ ಒಬ್ಬರಿಗೆ ತೋರಿಸಿದರೆ, "ಎಂತ ತೊಂದರೆ ಇಲ್ಲ, ಲಾಯ್ಕ ಉಂಟು" ಅಂದರು. ತಣ್ಣಗಾದ ಗಾಡಿಯಲ್ಲಿ ಖಾಯಿಲೆ ಕಾಣುವುದಾದರೂ ಹೇಗೆ?

ಅದನ್ನು ಕಂಡುಹಿಡಿದವರು ತೀರ್ಥಹಳ್ಳಿಯ ಒಬ್ಬ ವಯಸ್ಸಾದ ಮೆಕ್ಯಾನಿಕ್. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ತಣ್ಣಗಿದ್ದಾಗ ಹೇಗೆ, ಬಿಸಿಯಾದಾಗ ಹೇಗೆ? ಬ್ರೇಕ್ ತುಳಿದಾಗ ಎಳೆಯುತ್ತಾ, ಬಿಟ್ಟ ಮೇಲೂ ಎಳೆಯುತ್ತಾ? ಆಯಿಲ್ ಕಮ್ಮಿಯಾಗ್ತಿದೆಯಾ? ಆಮೇಲೆ, "ಒಂದು ಸುತ್ತು ಚೆನ್ನಾಗಿ ಓಡಿಸಿಕೊಂಡು ಬನ್ನಿ" ಅಂದರು. ಬಂದ ಕೂಡಲೇ ಜಾಕ್ ಕೊಟ್ಟು ಒಂದೊಂದೇ ಚಕ್ರ ತಿರುಗಿಸಿದರು. ಮೂರು ಸರಾಗ ತಿರುಗಿದವು, ಬಲಗಡೆಯದ್ದು ಮಾತ್ರ ಕಚ್ಚಿಕೊಂಡಿತ್ತು. ಆ ಚಕ್ರದ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದರು. ಆಯಿಲ್ ಚಿಮ್ಮಿತು, ಚಕ್ರ ತಟ್ಟನೆ ಬಿಟ್ಟುಕೊಂಡಿತು.

"ನೋಡಿ, ಮಾಸ್ಟರ್ ಕೆಟ್ಟಿದ್ರೆ ನಾಲ್ಕೂ ಹಿಡೀಬೇಕಿತ್ತು. ವೀಲ್ ಸಿಲಿಂಡರ್ ಜಾಮ್ ಆಗಿದ್ರೆ ನಿಪ್ಪಲ್ ಬಿಚ್ಚಿದ್ರೂ ಬಿಡ್ತಿರಲಿಲ್ಲ. ಇದು ಹೋಸು" ಅಂದರು.

ಆ ಚಕ್ರಕ್ಕೆ ಹೋಗುವ ಮೊಳದುದ್ದದ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಒಳಗೆ ಊದಿಕೊಂಡಿತ್ತು. ಕಾಲಿನ ಒತ್ತಡಕ್ಕೆ ಆಯಿಲ್ ಹೇಗೋ ನುಗ್ಗಿ ಹೋಗುತ್ತೆ, ಆದರೆ ಶೂ ಸ್ಪ್ರಿಂಗಿನ ಬಲಕ್ಕೆ ವಾಪಸ್ ಬರಲಾಗುವುದಿಲ್ಲ. ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತೆ, ಬಿಸಿಯೇರುತ್ತೆ, ಕೊನೆಗೆ ಅಲ್ಲಿನ ಆಯಿಲ್ ಕುದಿದು ಆವಿಯಾಗುತ್ತೆ. ಆವಿಯನ್ನು ತುಳಿದರೆ ಅದು ಬರೀ ಅಮುಕಿಕೊಳ್ಳುತ್ತೆ, ಅಷ್ಟೇ. ನಮ್ಮ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಇದ್ದದ್ದು ಒಂದೇ ಲೈನ್. ಒಂದು ಕಡೆ ಹೋದರೆ ನಾಲ್ಕೂ ಹೋದಂತೆ. ತಣ್ಣಗಾದರೆ ಆವಿ ಮತ್ತೆ ಆಯಿಲ್ ಆಗುತ್ತೆ, ಬ್ರೇಕ್ ಏನೂ ಗೊತ್ತಿಲ್ಲದಂತೆ ಕೂತಿರುತ್ತೆ.

ಮೂರು ದೊಡ್ಡ ರಿಪೇರಿಗೆ ಕೊಟ್ಟ ದುಡ್ಡಿನ ಮುಂದೆ ಆ ಹೋಸಿನ ಬೆಲೆ ಚಿಲ್ಲರೆ.

ಅದಕ್ಕೇ ನನ್ನ ವಾದ ಇಷ್ಟು: "ಹಳೆಯದು" ಅನ್ನೋದು ಒಂದು ಖಾಯಿಲೆಯ ಹೆಸರಲ್ಲ. ಅಂಬಾಸಿಡರ್ ಹೊಸದಾಗಿ ಕಾರ್ಖಾನೆಯಿಂದ ಬಂದಾಗ ಎರಡು ಸಲ ತುಳಿದು ನಿಲ್ಲಿಸುವ ಗಾಡಿಯಾಗಿರಲಿಲ್ಲ. ಇವತ್ತು ಹಾಗಾಗಿದೆ ಅಂದರೆ ಯಾವುದೋ ಒಂದು ನಿರ್ದಿಷ್ಟ ವಸ್ತು ಕೆಟ್ಟಿದೆ ಅಥವಾ ಸವೆದಿದೆ. ಅದ್ಯಾವುದು ಅಂತ ಪೆಡಲ್ಲೇ ಹೇಳುತ್ತೆ, ಕೇಳುವ ತಾಳ್ಮೆ ಬೇಕು.

ಮೊದಲ ಸಲ ಪೆಡಲ್ ಆಳಕ್ಕೆ ಹೋಗಿ, ಎರಡನೇ ಸಲ ಮೇಲೇ ಗಟ್ಟಿಯಾಗಿ ನಿಂತರೆ ಶೂ ಮತ್ತು ಡ್ರಮ್ಮಿನ ನಡುವೆ ಸಂದು ಜಾಸ್ತಿಯಾಗಿದೆ. ಈ ಹಳೇ ಡ್ರಮ್ ಬ್ರೇಕುಗಳು ತಾವಾಗಿ ಅಡ್ಜಸ್ಟ್ ಆಗುವುದಿಲ್ಲ, ನಾವೇ ಮಾಡಬೇಕು. ಮೊದಲು ಲೈನಿಂಗ್ ಎಷ್ಟು ಉಳಿದಿದೆ ನೋಡಿ. ಆಮೇಲೆ ಚಕ್ರ ಎತ್ತಿ ತಿರುಗದಷ್ಟು ಬಿಗಿ ಮಾಡಿ, ಸರಾಗ ತಿರುಗುವಷ್ಟು ಮಾತ್ರ ಸಡಿಲಿಸುವುದು. ಎಷ್ಟು ತುಳಿದರೂ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ. ಮಾಸ್ಟರ್ ಸಿಲಿಂಡರಿಗೆ ತೀರಾ ದೂರದ ಚಕ್ರದಿಂದ ಶುರುಮಾಡಿ ಏರ್ ತೆಗೆಯಬೇಕು. ಕಾಲನ್ನು ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಆಯಿಲ್ ಕಮ್ಮಿಯಾಗದೆ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿರಬೇಕು. ಪೆಡಲ್ ಕಲ್ಲಿನ ಹಾಗಿದ್ದೂ ಗಾಡಿ ನಿಲ್ಲದಿದ್ದರೆ ಲೈನಿಂಗ್ ಗಾಜಿನಂತೆ ನುಣುಪಾಗಿದೆ ಅಥವಾ ಅದಕ್ಕೆ ಎಣ್ಣೆ ಹತ್ತಿದೆ.

ಇನ್ನೊಂದು ವಿಷಯ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ನಮ್ಮ ಮಲೆನಾಡಿನ ಮಳೆಗಾಲ ಎಷ್ಟೋ ಕಂಡು, ಕಪ್ಪಗಾದ ಆಯಿಲ್ ಹಾಕಿಕೊಂಡೇ ಘಾಟಿ ಇಳಿಯುವವರು ಇದನ್ನು ನೆನಪಿಡಬೇಕು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು. ಹಾಂ, ಬ್ರೇಕ್ ಆಯಿಲ್ ಸಿಗಲಿಲ್ಲ ಅಂತ ಇಂಜಿನ್ ಆಯಿಲ್ ಹುಯ್ಯಬೇಡಿ ದಯವಿಟ್ಟು, ರಬ್ಬರೆಲ್ಲಾ ಊದಿಕೊಂಡು ಹಾಳಾಗುತ್ತೆ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಊದಬೇಡಿ, ಹಳೇ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಬಿಡಿಭಾಗ ಹುಡುಕುವವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಆದರೆ ರಬ್ಬರ್ ಸಾಮಾನು ಕೊಳ್ಳುವಾಗ ತಯಾರಾದ ವರ್ಷ ನೋಡಿ. ಪೊಟ್ಟಣ ಹೊಸದಿದ್ದರೂ ಒಳಗಿನ ರಬ್ಬರ್ ಕಪಾಟಿನಲ್ಲೇ ಮುದುಕಾಗಿರುತ್ತೆ. ಕೆಲವರು ನೇರ ಡಿಸ್ಕ್ ಬ್ರೇಕ್ ಹಾಕಿಸಿಬಿಡಿ ಅನ್ನುತ್ತಾರೆ. ಹಾಕಿಸಲಿ, ಬೇಡ ಅನ್ನಲ್ಲ. ಆದರೆ ಹೋಸ್ ಊದಿಕೊಂಡಿದ್ದರೆ ಡಿಸ್ಕೂ ಕಚ್ಚಿಕೊಳ್ಳುತ್ತೆ. ಕಾರಣ ಹುಡುಕದೆ ಭಾಗ ಬದಲಾಯಿಸುವ ಚಟಕ್ಕೆ ಅದು ಇನ್ನೂ ದುಬಾರಿ ದಾರಿ, ಅಷ್ಟೇ.

ಮೆಕ್ಯಾನಿಕ್‌ಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಬಲಕ್ಕೆ ಎಳೆಯುವುದು ನಮಗೆ ತಿಂಗಳುಗಟ್ಟಲೆ ಗೊತ್ತಿತ್ತು. ಅಪ್ಪ ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ ಹಿಡಿದು ಓಡಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಅದನ್ನು ನಾವು 'ಗಾಡಿಯ ಮೇಲಿನ ಹಿಡಿತ' ಅಂತ ಹೊಗಳುತ್ತಿದ್ದೆವು. ತೊಂದರೆಗೆ ಹೊಂದಿಕೊಳ್ಳುವುದನ್ನೇ ಜಾಣತನ ಅಂದುಕೊಂಡ ಮೇಲೆ ಅದನ್ನು ಸರಿಮಾಡುವವರು ಯಾರು?

ಗೆಳೆಯನಿಗೆ ಇಷ್ಟೆಲ್ಲಾ ಹೇಳಿದೆ. "ಲೈನಿಂಗ್ ನೋಡಿ, ಶೂ ಅಡ್ಜಸ್ಟ್ ಮಾಡಿಸು, ನಾಲ್ಕೂ ಚಕ್ರ ಬಿಚ್ಚಿಸಿ ಸೋರಿಕೆ ನೋಡು, ಹೋಸು, ಆಯಿಲ್ ಎಲ್ಲಾ ಹೊಸದು ಹಾಕಿಸು. ಅಲ್ಲೀವರೆಗೆ ಗಾಡಿ ತೆಗೀಬೇಡ" ಅಂದೆ. "ಮುಂದಿನ ವಾರ ಧರ್ಮಸ್ಥಳಕ್ಕೆ ಹೋಗ್ಬೇಕಲ್ಲೋ" ಅಂದ. "ಬಸ್ಸಲ್ಲಿ ಹೋಗು" ಅಂದೆ. ಬೇಜಾರಾಯಿತು ಅನ್ನಿಸುತ್ತೆ, ಫೋನ್ ಇಟ್ಟ.

ಆಗಲಿ ಬಿಡಿ. ನಮ್ಮಮ್ಮ ಅವತ್ತು ಬಸ್ಸು ಹತ್ತಿದವರು, ಹೋಸ್ ಬದಲಾಯಿಸಿ ಬ್ರೇಕ್ ಪೂರ್ತಿ ಸರಿಯಾದ ಮೇಲೂ ಆ ಗಾಡಿಯಲ್ಲಿ ಘಾಟಿ ಇಳಿಯಲೇ ಇಲ್ಲ. ಹೋಸ್ ಬದಲಾಯಿಸಲು ಅರ್ಧ ದಿನ ಸಾಕಾಯಿತು. ಇದನ್ನು ಇವತ್ತಿಗೂ ಸರಿಮಾಡಲು ಆಗಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು 'ಹಂಗೇ ಇರೋ' ಗಾಡಿ ಇದೆಯಾ? ಪೆಡಲ್ ಹೇಗಿದೆ, ಬರೆದು ತಿಳಿಸಿ.