ಗುಜರಿ ಅನ್ನುವುದು ಯಾವ ಊರಿನ ಮಾತು?

ಪ್ಯಾರಿಸ್-ಡಾಕರ್ ರ‍್ಯಾಲಿ 1978ರ ಡಿಸೆಂಬರ್ ಕೊನೆಯಲ್ಲಿ ಮೊದಲ ಸಲ ಹೊರಟಾಗ ಅದೊಂದು ಹುಚ್ಚು ಸಾಹಸವಾಗಿತ್ತು. ಕೆಲವೇ ವರ್ಷಗಳಲ್ಲಿ ಕಾರು ಕಂಪನಿಗಳು ಒಳಹೊಕ್ಕು, ಹಿಂದೆ ಮುಂದೆ ಬಿಡಿಭಾಗಗಳ ಲಾರಿ ಓಡಿಸುತ್ತ ಅದನ್ನು ದುಡ್ಡಿನ ಆಟ ಮಾಡಿಬಿಟ್ಟವು. ಇದನ್ನು ಗೇಲಿ ಮಾಡಲೆಂದೇ ಈ ಶತಮಾನದ ಆರಂಭದಲ್ಲಿ ಜೂಲಿಯನ್ ನೋವಿಲ್ ಎಂಬ ಇಂಗ್ಲೆಂಡಿನ ಷೇರು ದಲ್ಲಾಳಿ ಇನ್ನೊಂದು ಓಟ ಹುಟ್ಟುಹಾಕಿದ. ಪ್ಲಿಮತ್‌ನಿಂದ ಹೊರಟು, ಸ್ಪೇನ್, ಮೊರಾಕ್ಕೊ, ಮಾರಿಟೇನಿಯಾ, ಸೆನೆಗಲ್ ದಾಟಿ ಗ್ಯಾಂಬಿಯಾದ ಬಂಜುಲ್ ಸೇರಬೇಕಿತ್ತು. ಕಾರಿನ ಬೆಲೆ 100 ಪೌಂಡ್ ಮೀರಬಾರದು, ರಿಪೇರಿಗೆ 15 ಪೌಂಡ್ ಸಾಕು ಅನ್ನುವುದು ಆಗಿನ ನಿಯಮ. ತಮಾಷೆಗೆ ಮಾಡಿದ ನಿಯಮವೇ ಇರಬಹುದು, ಆದರೆ ಅದರಿಂದ ಒಂದು ಗಂಭೀರ ಪ್ರಶ್ನೆ ಎದ್ದಿತು. ಹೊಸದೊಂದು ಟೈರಿನ ಜೋಡಿಗಿಂತ ಹೆಚ್ಚು ಬಾಳದು ಎಂದು ಇಂಗ್ಲೆಂಡಿನಲ್ಲಿ ತೀರ್ಪಾದ ಡಕೋಟಾ ಗಾಡಿಗಳಲ್ಲಿ ಬಹಳಷ್ಟು ಸಹರಾದ ಅಂಚಿನಲ್ಲಿ ಸಾವಿರಾರು ಕಿಲೋಮೀಟರ್ ಓಡಿ ಊರು ಮುಟ್ಟಿದವು. ಹಾಗಾದರೆ ಆ ನೂರು ಪೌಂಡ್ ಅಳೆದದ್ದು ಏನನ್ನು?

ಕಾರಿನ ಆಯುಸ್ಸನ್ನಂತೂ ಅಲ್ಲ. ಹಳೆಯ ಕಾರಿನ ಬೆಲೆ ನಿಂತಿರುವುದು ಅದರ ಕಬ್ಬಿಣದ ಮೇಲಲ್ಲ, ಅದನ್ನು ರಿಪೇರಿ ಮಾಡುವವನ ಕೂಲಿಯ ಮೇಲೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರು ಪ್ರತಿ ವರ್ಷ ಎಂಒಟಿ ಎಂಬ ಪರೀಕ್ಷೆಗೆ ನಿಲ್ಲಬೇಕು. ನಮ್ಮಲ್ಲಿ ಎಫ್‌ಸಿ ಮಾಡಿಸುವುದಕ್ಕಿಂತ ಬಿಗಿಯಾದ ವ್ಯವಹಾರ ಅದು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿದ್ದರೂ ಫೇಲು, ಏರ್‌ಬ್ಯಾಗ್ ದೀಪ ಆರದಿದ್ದರೂ ಫೇಲು. ಹೆಡ್ ಗ್ಯಾಸ್ಕೆಟ್ ಹೋಯಿತು ಅನ್ನಿ. ಆ ತೆಳು ಹಾಳೆಯ ಬೆಲೆ ದೊಡ್ಡದಲ್ಲ, ಅದನ್ನು ಹಾಕಲು ಇಂಜಿನ್ನಿನ ತಲೆ ಬಿಚ್ಚಿ, ಮಟ್ಟ ಮಾಡಿಸಿ, ಮತ್ತೆ ಕೂರಿಸುವ ಹೊತ್ತು ದುಬಾರಿ. ಅಲ್ಲಿ ಗ್ಯಾರೇಜಿನ ಒಂದು ದಿನದ ಕೂಲಿಯೇ ಹಳೆಯ ಕಾರನ್ನು ನುಂಗಿಹಾಕುತ್ತದೆ. ಆ ಲೆಕ್ಕ ಹಾಕಿದ ಕೂಡಲೇ ಕಾರು ಗುಜರಿ. ಅದೇ ಕಾರನ್ನು ಕೂಲಿ ಅಗ್ಗವಿರುವ, ಕೈಕೆಲಸ ಬಲ್ಲವರು ಬೀದಿಗೊಬ್ಬರಂತೆ ಸಿಗುವ ಊರಿಗೆ ತಂದರೆ ಲೆಕ್ಕ ತಲೆಕೆಳಗಾಗುತ್ತದೆ. ಪೂಜೋ 504 ಸೆಡಾನನ್ನು ಫ್ರಾನ್ಸ್ 1983ರಲ್ಲಿ ಕೈಬಿಟ್ಟಿತು. ನೈಜೀರಿಯಾದ ಕಡುನಾದಲ್ಲಿ ಅದರ ಜೋಡಣೆ ಇನ್ನೂ ಎರಡು ದಶಕ ನಡೆಯಿತು, ಪಶ್ಚಿಮ ಆಫ್ರಿಕಾದ ಬಾಡಿಗೆ ಪ್ರಯಾಣವನ್ನು ಅದು ಬಹುಕಾಲ ಹೊತ್ತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳನ್ನೂ ಶಿವಾಜಿನಗರದ ಗುಜರಿ ಸಾಲನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಡಕೋಟಾ ಕೊಳ್ಳುವವನ ಜಾಣ್ಮೆ ಕಡಿಮೆ ಬೆಲೆ ಹುಡುಕುವುದರಲ್ಲಿಲ್ಲ. ಪರೀಕ್ಷೆಯಲ್ಲಿ ಫೇಲು ಮಾಡಿಸುವ ದೋಷವೇ ಬೇರೆ, ಮರಳುಗಾಡಿನಲ್ಲಿ ನಿಲ್ಲಿಸಿಬಿಡುವ ದೋಷವೇ ಬೇರೆ. ಮಾರುಕಟ್ಟೆ ಎರಡಕ್ಕೂ ಒಂದೇ ತಕ್ಕಡಿ ಹಿಡಿಯುತ್ತದೆ. ಲಾಭ ಇರುವುದು ಆ ಸಂದಿನಲ್ಲಿ. ಬಣ್ಣ ಹೋದ ಬಾನೆಟ್, ಹರಿದ ಸೀಟು, ಕೆಲಸ ಮಾಡದ ಏಸಿ ಇವೆಲ್ಲ ಬೆಲೆ ಇಳಿಸುತ್ತವೆ, ದಾರಿ ತಪ್ಪಿಸುವುದಿಲ್ಲ. ನೋಡಬೇಕಾದ್ದು ಬೇರೆ ಕಡೆ. ಇಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಅದರ ಒಳಬದಿ ಬೆರಳಾಡಿಸಿದರೆ ಅರ್ಧ ಜಾತಕ ಗೊತ್ತಾಗುತ್ತದೆ. ಕಪ್ಪು ಎಣ್ಣೆ ಅಂಟಿದರೆ ಚಿಂತೆಯಿಲ್ಲ. ಹಾಲು ಹೆಚ್ಚಾದ ಕಾಫಿಯ ಬಣ್ಣದ ದಪ್ಪ ನೊರೆ ಬಂದರೆ ರೇಡಿಯೇಟರಿನ ನೀರು ಎಣ್ಣೆಗೆ ಸೇರುತ್ತಿರಬಹುದು; ಬರೀ ಗಿಡ್ಡ ಓಡಾಟದ ಚಳಿಗಾಲದ ತೇವವೂ ಹಾಗೇ ಕಾಣುತ್ತದಾದ್ದರಿಂದ ಡಿಪ್‌ಸ್ಟಿಕ್ಕನ್ನೂ ಎಳೆದು ನೋಡಬೇಕು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡರೆ ಇಂಜಿನ್ ಬೋರ್‌ಗೆ ಬಂದಿದೆ ಎಂದೇ ಸಂಶಯಿಸಬೇಕು. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮತ್ತೆ ಆ ಗ್ಯಾಸ್ಕೆಟ್ಟಿನದೇ ಕಥೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂಬುದಕ್ಕೆ ಕಾಗದವಿಲ್ಲದಿದ್ದರೆ ಬದಲಾಯಿಸಿಯೇ ಇಲ್ಲ ಎಂದುಕೊಳ್ಳುವುದು ಕ್ಷೇಮ. ತೂತು ಬಿದ್ದ ರೇಡಿಯೇಟರಿಗೆ ಹಸಿ ಮೊಟ್ಟೆ ಒಡೆದು ಹಾಕಿದರೆ ಬಿಸಿಗೆ ಬೆಂದು ಸಂದು ಮುಚ್ಚಿ ಮುಂದಿನ ಊರು ಮುಟ್ಟಿಸೀತು. ಹರಿದ ಟೈಮಿಂಗ್ ಬೆಲ್ಟಿಗೆ ಅಂಥ ಮನೆಮದ್ದು ಇಲ್ಲ.

ಹಳೆಯ ಕಾರಿನ ವ್ಯಾಪಾರದಲ್ಲಿ ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಒಳ್ಳೆಯ ಕಾರುಗಳು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತವೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಹೆಸರಾಂತ ಲೇಖನದಲ್ಲಿ ತೋರಿಸಿದ್ದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಬೆಲೆ ತೀರಾ ತಳ ಮುಟ್ಟಿದಾಗ ಈ ಮಾತಿನ ಮೊನೆ ಮೊಂಡಾಗುತ್ತದೆ ಎಂದು ನನ್ನ ಎಣಿಕೆ. ನೂರು ಪೌಂಡಿನ ಕಾರಿನಲ್ಲಿ ದೋಷವಿಲ್ಲ ಎಂದು ಯಾರೂ ನಟಿಸುವುದಿಲ್ಲ. ಮಾರುವವನಿಗೆ ಅಂಗಳ ಖಾಲಿಯಾದರೆ ಸಾಕು. ಸುಳ್ಳು ಹೇಳಿ ಗಿಟ್ಟುವುದು ಏನೂ ಇಲ್ಲದ ಕಡೆ ನಿಜ ತಾನಾಗಿ ಬಾಯಿಗೆ ಬರುತ್ತದೆ.

ಇಷ್ಟಾಗಿಯೂ ಇದು ಅಗ್ಗದ ಪ್ರಯಾಣವಲ್ಲವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ವೀಸಾ, ವಿಮೆ, ಜಿಬ್ರಾಲ್ಟರ್ ಜಲಸಂಧಿ ದಾಟುವ ಹಡಗು, ಪೆಟ್ರೋಲು ಎಲ್ಲ ಸೇರಿದರೆ ಮೂರು ಕಾಸಿನ ಕುದುರೆಗೆ ಮೂವತ್ತು ಕಾಸಿನ ಹುಲ್ಲು. ಬಡತನದ ವೇಷ ಹಾಕಿದ ಉಳ್ಳವರ ಮೋಜು ಎಂದು ಯಾರಾದರೂ ಮೂಗು ಮುರಿದರೆ ಜಗಳಕ್ಕೆ ಹೋಗಲಾರೆ. ಆದರೆ ಅಗ್ಗದ ಕಾರಿನಿಂದ ದೊರೆಯುವುದು ಉಳಿತಾಯವಲ್ಲ, ಕಳೆದುಕೊಳ್ಳುವ ಧೈರ್ಯ. ಸಾಲದ ಕಂತು ಬಾಕಿಯಿರುವ ಕಾರಿನಲ್ಲಿ ಬಂದವನು ಪಶ್ಚಿಮ ಸಹರಾ ಮತ್ತು ಮಾರಿಟೇನಿಯಾದ ನಡುವಿನ ಯಾರಿಗೂ ಸೇರದ ಪಟ್ಟಿಯಲ್ಲಿ, ಆಗಿನ್ನೂ ಡಾಂಬರು ಮುಗಿದು ಕಲ್ಲು ಮರಳು ಶುರುವಾಗುತ್ತಿದ್ದಲ್ಲಿ, ತಳಕ್ಕೆ ಬಡಿಯುವ ಒಂದೊಂದು ಕಲ್ಲಿಗೂ ಎದೆ ಹಿಡಿದುಕೊಳ್ಳುತ್ತಿದ್ದ. ಡಕೋಟಾದವನು ಇಳಿದು, ಟೈರಿನ ಗಾಳಿ ಅರ್ಧ ಬಿಟ್ಟು, ನಾಲ್ಕು ಜನರನ್ನು ಕರೆದು ತಳ್ಳಿಸುತ್ತಿದ್ದ. ಬ್ರೇಕು, ಟೈರು, ಸ್ಟೀರಿಂಗಿನ ಮಾತು ಮಾತ್ರ ಬೇರೆ. ಅಲ್ಲಿ 15 ಪೌಂಡಿನ ನಿಯಮ ಪಾಲಿಸುವುದು ಶುದ್ಧ ಮೂರ್ಖತನ, ಯಾಕೆಂದರೆ ಆ ಮೂರ್ಖತನದ ಬೆಲೆ ತೆರುವವರು ರಸ್ತೆ ಬದಿ ನಡೆದು ಹೋಗುವವರು.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಶ್ರೀಮಂತರು ತಮ್ಮ ಕಸವನ್ನು ಬಡವರ ಹಿತ್ತಲಿಗೆ ತಂದು ಸುರಿಯುತ್ತಿದ್ದಾರೆ, ಅದಕ್ಕೆ ಸಾಹಸ ಎಂಬ ಹೆಸರು ಬೇರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2020ರ ವರದಿಯಂತೆ 2015ರಿಂದ 2018ರ ನಡುವೆ 1.4 ಕೋಟಿ ಹಳೆಯ ಲಘು ವಾಹನಗಳು ರಫ್ತಾದವು, ಹೆಚ್ಚುಕಡಿಮೆ ಶೇ. 80 ಕೆಳ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೋದವು. ಈ ಸಮುದ್ರದಲ್ಲಿ ರ‍್ಯಾಲಿಯ ಕಾರುಗಳು ಒಂದು ಬೊಗಸೆ. ಬೊಗಸೆಯಷ್ಟೇ ಎಂಬುದು ಉತ್ತರವಾಗದು. ನನ್ನ ವಾದಕ್ಕೇ ಇಲ್ಲಿ ಪೆಟ್ಟು ಬೀಳುತ್ತದೆ: ಅಗ್ಗದ ಕೂಲಿ ಇಂಜಿನ್ನನ್ನು ಬದುಕಿಸೀತು, ಆದರೆ ಅದು ಬಿಡುವ ಹೊಗೆ ಎಲ್ಲೂ ಅಗ್ಗವಲ್ಲ. ಇಂಥದ್ದೇ ಇನ್ನೊಂದು ಓಟವಾದ, 2004ರಲ್ಲಿ ಶುರುವಾದ ಮಂಗೋಲ್ ರ‍್ಯಾಲಿಯ ಆರಂಭದ ವರ್ಷಗಳಲ್ಲಿ ಕಾರುಗಳನ್ನು ಮಂಗೋಲಿಯಾದಲ್ಲೇ ಬಿಟ್ಟುಬರುವ ರೂಢಿಯಿತ್ತು. ಅದು ಮುಂದೆ ಬದಲಾಗಿ, ತಂದ ಕಾರಿಗೆ ತಂದವನೇ ಹೊಣೆ ಎಂದಾಯಿತು. ನನಗೆ ಅದು ಸರಿ ಕಾಣುತ್ತದೆ. ಬಂಜುಲ್‌ನ ಓಟದವರು ಹಿಡಿದದ್ದು ಬೇರೆ ದಾರಿ. ಅಲ್ಲಿ ಕಾರುಗಳನ್ನು ಹರಾಜು ಹಾಕಿ ಹಣವನ್ನು ಸ್ಥಳೀಯ ಸೇವಾ ಕೆಲಸಕ್ಕೆ ಕೊಡುತ್ತಾರೆ. ಗ್ಯಾಂಬಿಯಾದಲ್ಲಿ ವಾಹನ ರಸ್ತೆಯ ಬಲಕ್ಕೆ ಓಡುವುದರಿಂದ ಸ್ಟೀರಿಂಗ್ ಎಡಗಡೆ ಇರುವ ಕಾರೇ ಬೇಕು, ಬ್ರಿಟನ್ನಿನಲ್ಲಿ ಅಂಥದ್ದು ಹುಡುಕುವುದೇ ಒಂದು ಪಾಡು. ಆ ಪಾಡೇ ಕೊಳ್ಳುವವನಿಗೆ ಮೊದಲ ಪಾಠ. ಅವನು ಪ್ಲಿಮತ್‌ನಲ್ಲಿ ನಿಂತು ತನಗಾಗಿ ಕೊಳ್ಳುತ್ತಿಲ್ಲ. ಮೂರು ವಾರದ ಮೇಲೆ ಬಂಜುಲ್‌ನಲ್ಲಿ ಬೆಲೆ ಕೂಗುವ ಟ್ಯಾಕ್ಸಿಯವನಿಗಾಗಿ ಕೊಳ್ಳುತ್ತಿದ್ದಾನೆ. ಆ ಟ್ಯಾಕ್ಸಿಯವನಿಗೆ ಬಾಗಿಲ ಮೇಲೆ ಬರೆದ ತಂಡದ ಹೆಸರು ಬೇಡ, ಚಾವಣಿಗೆ ಕಟ್ಟಿದ ಪ್ಲಾಸ್ಟಿಕ್ ಒಂಟೆಯೂ ಬೇಡ. ಅವನು ಬಾನೆಟ್ ಎತ್ತಿ, ಎಣ್ಣೆಯ ಮುಚ್ಚಳ ಬಿಚ್ಚಿ, ಬೆರಳಾಡಿಸಿ ನೋಡುತ್ತಾನೆ.