ತೂಕ ಏರಿದ್ದಕ್ಕೆ ಪೇಡೆ ಹಂಚಿದವಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಿಗೆ

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ತರ್ಜುಮೆ ಮಾಡಿಸಿಕೊಳ್ಳುವುದು ನಿಮ್ಮ ಕಚೇರಿಗೆ ದೊಡ್ಡ ಖರ್ಚೇನಲ್ಲ. ಇದು ಯಾರ ಕುರಿತು ಇದೆಯೋ ಅವರಿಗೆ ಮೊದಲು ಅರ್ಥವಾಗಲಿ.

2009ರಿಂದ ಹದಿಮೂರು ವರ್ಷ ಉತ್ತರ ಕರ್ನಾಟಕದ ಒಂದು ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ, ಗುತ್ತಿಗೆಯ ಮೇಲೆ. ಸರ್ಕಾರ ಎಚ್‌ಐವಿಗೆ ಉಚಿತ ಮಾತ್ರೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ನಾನು ಸೇರುವ ಹೊತ್ತಿಗೂ ಎಷ್ಟೋ ಜನರನ್ನು ಮನೆಯವರು ಎತ್ತಿಕೊಂಡೇ ಒಳಗೆ ತರುತ್ತಿದ್ದರು. ನನ್ನ ಮೇಜಿನ ಪಕ್ಕದಲ್ಲೇ ತೂಕದ ಯಂತ್ರ. ಮಾತ್ರೆಗೆ ಬಂದಾಗಲೆಲ್ಲ ತೂಕ ನೋಡಿ ಬಿಳಿ ಕಾರ್ಡಿನಲ್ಲಿ ಬರೆಯುತ್ತಿದ್ದೆವು. 34, 35, 37. ಮುಳ್ಳು ಬಲಕ್ಕೆ ಸರಿದರೆ ನಮಗೆಲ್ಲ ಹಬ್ಬ. ಒಬ್ಬಾಕೆ ಐವತ್ತು ಮುಟ್ಟಿದ ದಿನ ಕೇಂದ್ರಕ್ಕೆಲ್ಲ ಪೇಡೆ ಹಂಚಿದಳು. "ಅಕ್ಕಾರ, ಬಳಿ ಹೊಸಾವ ತಗೋಬೇಕು, ಹಳೇವು ಕೈಗೆ ಏರವಲ್ಲವು" ಅಂದಳು. ಅಂಥ ದೂರನ್ನು ಕೇಳುವುದಕ್ಕೇ ನಾನು ಆ ಕೆಲಸದಲ್ಲಿದ್ದೆ ಅನ್ನಿಸಿತ್ತು.

ಆಕೆಯ ಹೆಸರು ಹೇಳಲಾರೆ. 2017ರ ಎಚ್‌ಐವಿ ಕಾಯ್ದೆ ಬಿಡುವುದಿಲ್ಲ, ಕಾಯ್ದೆ ಇಲ್ಲದಿದ್ದರೂ ಹೇಳುತ್ತಿರಲಿಲ್ಲ.

ಹತ್ತು ವರ್ಷದ ಮೇಲೆ ಅದೇ ಯಂತ್ರ ಆಕೆಗೆ 76 ತೋರಿಸಿತು. ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ಸು ಸಿಗುತ್ತಲೇ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಆಕೆ ಪೂರ್ತಿ ಪಾಸು. ಆದರೆ ಶುಗರ್ ಬಂದಿತ್ತು, ಬಿಪಿ ಬಂದಿತ್ತು. "ಇದು ಗುಳಿಗಿಯಿಂದ ಬಂತೋ, ಆ ರೋಗದಿಂದ ಬಂತೋ, ನಮ್ಮವ್ವನ ಕಡೆಯಿಂದ ಬಂತೋ?" ಎಂದು ಕೇಳಿದಳು. ಡಾಕ್ಟರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಲವತ್ತೇಳನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ರಿಜಿಸ್ಟರಿನಲ್ಲಿ ನಾವು ಬರೆದದ್ದು "ಮರಣ" ಎಂಬ ಒಂದೇ ಪದ.

ಆಕೆಯ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಅದು ಪೆದ್ದು ಪ್ರಶ್ನೆಯಲ್ಲ ಎಂದು ನಿಮಗೆ ಗೊತ್ತು. ಮಾತ್ರೆ ನಡುನಡುವೆ ನಿಲ್ಲಿಸಿದರೆ ಏನಾಗುತ್ತದೆಂದು ನೋಡಿದ 'ಸ್ಮಾರ್ಟ್' ಪ್ರಯೋಗ 2006ರಲ್ಲೇ ಹೇಳಿತು: ನಿಲ್ಲಿಸಿದವರಲ್ಲಿ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಹೆಚ್ಚು. ಅಂದರೆ ವೈರಸ್ಸು ತಾನಾಗಿಯೇ ಮೈಯೊಳಗೆ ಉರಿಯೂತ ಹಚ್ಚಿ ರಕ್ತನಾಳಗಳನ್ನು ಸವೆಸುತ್ತದೆ. ಇನ್ನು ಮಾತ್ರೆಯ ಪಾಲು. ನಾನು ಸೇರಿದಾಗ ಸ್ಟಾವುಡಿನ್ ಕೊಡುತ್ತಿದ್ದೆವು. ಅದನ್ನು ನುಂಗಿದವರ ಕೆನ್ನೆ ಗುಳಿಬಿದ್ದು, ಕೈಕಾಲು ಕಡ್ಡಿಯಾಗಿ, ಊರಿನವರು ನೋಡಿದೊಡನೆ ಗುರುತು ಹಿಡಿಯುವಂತಾಗುತ್ತಿತ್ತು. ಈಗಿನ ಡೊಲುಟೆಗ್ರಾವಿರ್ ಒಳ್ಳೆಯ ಔಷಧಿ, ಅದನ್ನು ಬೈಯುವುದಿಲ್ಲ. ಆದರೆ ಅದು ತೂಕ ಏರಿಸುತ್ತದೆ, ಹೆಂಗಸರಲ್ಲಿ ಇನ್ನೂ ಹೆಚ್ಚು. ಇದನ್ನು ಎತ್ತಿ ತೋರಿಸಿದ 'ಅಡ್ವಾನ್ಸ್' ಪ್ರಯೋಗ ನಡೆದದ್ದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿನಲ್ಲಿ, ವರದಿ ಬಂದದ್ದು 2019ರಲ್ಲಿ. ಹಣ ಹಾಕಿದವರಲ್ಲಿ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇತ್ತು, ಅಂದರೆ ಆ ದೇಶದ ನೀವು. ಈ ಔಷಧಿಗೆ ಬದಲಾಯಿಸಿದ ಕೆಲವರಲ್ಲಿ ಶುಗರ್ ದಿಢೀರನೆ ಏರಿದ್ದನ್ನು 2020ರಲ್ಲಿ ವರದಿ ಮಾಡಿದವರು ಉಗಾಂಡಾದ ವೈದ್ಯರು.

ನಮ್ಮಲ್ಲಿ?

ನಿಮ್ಮ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹವಿದೆ ಎಂದಿತು. ಮನೆಮನೆಗೆ ಹೋಗಿ ಮಾಡಿದ ದೊಡ್ಡ ಕೆಲಸ. ಎಚ್‌ಐವಿ ಜೊತೆ ಬದುಕುವ ಸುಮಾರು 25 ಲಕ್ಷ ಭಾರತೀಯರಲ್ಲಿ ಎಷ್ಟು ಜನಕ್ಕೆ ಶುಗರ್ ಇದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಭಾರತೀಯರಿಗೆ ತೆಳ್ಳಗಿರುವಾಗಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂದು ನಮ್ಮ ವೈದ್ಯರೇ ಹೇಳುತ್ತಾರೆ. ಅಂಥ ಮೈಗೆ ವೈರಸ್ಸು ಮತ್ತು ಮಾತ್ರೆ ಎರಡೂ ಸೇರಿದರೆ ಏನಾಗುತ್ತದೆಂದು ಜೊಹಾನ್ಸ್‌ಬರ್ಗಿನವರು ಹೇಳಲಾರರು.

ಹೃದಯದ ಕಥೆ ಇನ್ನೂ ವಿಚಿತ್ರ. 'ರಿಪ್ರೀವ್' ಪ್ರಯೋಗದಲ್ಲಿ ಎಚ್‌ಐವಿ ಇರುವ, 12 ದೇಶಗಳ 7,769 ಜನ ಇದ್ದರು, ನಮ್ಮವರೂ ಇದ್ದರು. ದಿನಕ್ಕೊಂದು ಪಿಟವಾಸ್ಟಾಟಿನ್ ಮಾತ್ರೆಯಿಂದ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಡಾಂತರ ಶೇ. 35ರಷ್ಟು ತಗ್ಗಿತು. ಹಣದ ದೊಡ್ಡ ಪಾಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯದು. ಅದೇ ಪ್ರಯೋಗದಿಂದ ಇನ್ನೊಂದು ವಿಷಯವೂ ಹೊರಬಿತ್ತು: ಯಾರ ಹೃದಯಕ್ಕೆ ಎಷ್ಟು ಅಪಾಯ ಎಂದು ಅಳೆಯುವ ಅಮೆರಿಕದ ಲೆಕ್ಕಪಟ್ಟಿ ಬಡ ದೇಶಗಳವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಶ್ರೀಮಂತ ದೇಶಗಳ ಹೆಂಗಸರು ಮತ್ತು ಕಪ್ಪು ಜನರಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬೇರೆ ಊರಿನ ಪಾವು-ಸೇರಿನಲ್ಲಿ ನಮ್ಮ ಜೋಳ ಅಳೆದಂತಾಯಿತು. ನಮ್ಮದೇ ಅಳತೆ ಬೇಕಾದರೆ ನಮ್ಮವರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕು. ಅದಕ್ಕೆ ದುಡ್ಡು ಬೇಕು.

ಆ ದುಡ್ಡು ಇಷ್ಟು ದಿನ ಹೊರಗಿನಿಂದ ಬರುತ್ತಿತ್ತು. 2025ರ ಮೇ ತಿಂಗಳಲ್ಲಿ ಅದೇ ಅಮೆರಿಕದ ಸಂಸ್ಥೆ, ತನ್ನ ಅನುದಾನ ಪಡೆದವರು ಅದರಲ್ಲಿ ಒಂದು ಪಾಲನ್ನು ವಿದೇಶಿ ಸಂಸ್ಥೆಗಳಿಗೆ ದಾಟಿಸುವ ಹಳೆಯ ಏರ್ಪಾಟನ್ನು ತಡೆಹಿಡಿಯಿತು. ಅವರ ಹಣ, ಅವರ ಇಷ್ಟ. ನನ್ನ ತಕರಾರು ಇರುವುದು ನಮ್ಮ ಮೇಲೆಯೇ. ಲೋಕದ ಬಡ ದೇಶಗಳಿಗೆಲ್ಲ ಅಗ್ಗದ ಎಚ್‌ಐವಿ ಮಾತ್ರೆ ಮಾಡಿ ಕೊಡುವವರು ನಾವು. ಅದನ್ನು ಇಪ್ಪತ್ತು ವರ್ಷ ನುಂಗಿದವರು ಹೇಗಿದ್ದಾರೆ ಎಂದು ಕೇಳುವುದನ್ನು ಮಾತ್ರ ಬೇರೆಯವರ ಖರ್ಚಿಗೆ ಬಿಟ್ಟಿದ್ದೇವೆ.

ಹೊಸ ಕಟ್ಟಡ ಕೇಳುತ್ತಿಲ್ಲ. ಪುಣೆಯಲ್ಲಿ ನಿಮ್ಮದೇ ಏಡ್ಸ್ ಸಂಶೋಧನಾ ಸಂಸ್ಥೆ 1992ರಿಂದ ಇದೆ. ದೇಶದ ತುಂಬ ಎಆರ್‌ಟಿ ಕೇಂದ್ರಗಳಿವೆ. ಯಾರೂ ಕರೆಯದೆ ತಾವೇ ಮಾತ್ರೆಗೆ ಬರುವ ಲಕ್ಷಾಂತರ ಜನರಿದ್ದಾರೆ; ಇಂಥ ಅನುಕೂಲ ಯಾವ ಸಂಶೋಧಕನಿಗೂ ಸುಲಭಕ್ಕೆ ಸಿಗುವುದಿಲ್ಲ. ಮೂರು ವರ್ಷದ ಅನುದಾನ ಕೊಟ್ಟು ವರದಿ ಕೇಳಬೇಡಿ, ಹೃದಯ ಕೆಡಲು ಹತ್ತು ವರ್ಷ ಹಿಡಿಯುತ್ತದೆ. ನೀವು ಹಣ ಕೊಡುವ ಬಿಪಿ, ಶುಗರ್ ಪ್ರಯೋಗಗಳಲ್ಲಿ ಎಚ್‌ಐವಿ ಇರುವವರನ್ನು ಮೊದಲ ಪುಟದಲ್ಲೇ ಹೊರಗಿಡುವ ಪದ್ಧತಿ ಇದ್ದರೆ ಅದನ್ನು ತೆಗೆಯಿಸಿ. ಡೊಲುಟೆಗ್ರಾವಿರ್ ಜೊತೆ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ನುಂಗಿದರೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಹೆಚ್ಚುತ್ತದೆ, ಹಾಗಾಗಿ ದಿನಕ್ಕೆ 1,000 ಮಿಲಿಗ್ರಾಂ ಮೀರಬಾರದು. ಎಚ್‌ಐವಿ ಇರುವುದನ್ನು ಹೇಳಲು ಹೆದರಿ ಬೇರೆ ಡಾಕ್ಟರ ಹತ್ತಿರ ಶುಗರ್ ಮಾತ್ರೆ ಬರೆಸಿಕೊಂಡವರು ಎಷ್ಟು ಮಂದಿ, ಅವರಿಗೆ ಏನಾಗಿದೆ? ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಡ, ಕೂತು ಮಾತಾಡುವ ಜನ ಬೇಕು. ನಾನಿದ್ದಾಗಿನ ಕಾರ್ಡಿನಲ್ಲಿ ತೂಕಕ್ಕೆ ಜಾಗವಿತ್ತು, ಸೊಂಟದ ಸುತ್ತಳತೆಗೆ ಇರಲಿಲ್ಲ. ದರ್ಜಿಯ ಟೇಪಿಗೆ ಎಷ್ಟು ಮಹಾ ಆದೀತು?

ಆ ಹಳೆಯ ಬಿಳಿ ಕಾರ್ಡುಗಳು ನಾನು ಬಿಡುವಾಗ ಕಬ್ಬಿಣದ ಆಲಮಾರಿಯಲ್ಲಿದ್ದವು. 34, 35, 37ರಿಂದ 76ರವರೆಗೆ ಎಲ್ಲವೂ ಅದರಲ್ಲಿದೆ, ಹೆಚ್ಚಿನದು ನನ್ನ ಕೈಬರಹದಲ್ಲೇ. ಓದಲು ಯಾರನ್ನಾದರೂ ಕಳಿಸುವುದಾದರೆ ತಿಳಿಸಿ, ಅಕ್ಷರ ಬಿಡಿಸಿ ಹೇಳಲು ಬರುತ್ತೇನೆ. ಪ್ರಯಾಣ ಭತ್ಯೆ ಬೇಡ, ನಮ್ಮ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಈಗ ಟಿಕೆಟ್ ದುಡ್ಡಿಲ್ಲ.

ಇಂತಿ,
ಒಬ್ಬ ಮಾಜಿ ಆಪ್ತಸಮಾಲೋಚಕಿ